ಉಜ್ಜಿ ನೋಡುವ ಕೈ

ಸುಗ್ರಾ ಬೇಗಂ ಹಾಲಿನವನನ್ನು ನಂಬುವುದಿಲ್ಲ, ಅವನು ತಂದ ಹಾಲನ್ನೂ ನಂಬುವುದಿಲ್ಲ. ಮೊಟ್ಟೆಯನ್ನು ನೀರಿಗೆ ಹಾಕಿ ನೋಡುತ್ತಾಳೆ. ಕಲ್ಲಂಗಡಿಯನ್ನು ಕಿವಿಯ ಹತ್ತಿರ ಹಿಡಿದು ತಟ್ಟುತ್ತಾಳೆ. ಗಂಗಾನಗರದ ಮನೆಗೆ ಬೀಗ ಹಾಕಿದ ಮೇಲೆ ಒಮ್ಮೆ ಜಗ್ಗಿ, ಮೆಟ್ಟಿಲಿಳಿದು, ಮನಸ್ಸು ತಡೆಯದೆ ಮತ್ತೆ ಹತ್ತಿ ಇನ್ನೊಮ್ಮೆ ಜಗ್ಗುತ್ತಾಳೆ. ಗಂಡ ಮುಜಫ್ಫರ್ ಸಾಹೇಬರು ಇದಕ್ಕೆ ತದ್ವಿರುದ್ಧ. ಯಾರು ಏನು ಹೇಳಿದರೂ ‘ಹೌದಾ?’ ಎಂದು ನಂಬಿಬಿಡುವ ಮನುಷ್ಯ. ಒಂದು ಮನೆಗೆ ಹಂಚಬೇಕಾದ ಅನುಮಾನವನ್ನೆಲ್ಲ ದೇವರು ಹೆಂಡತಿಯ ಪಾಲಿಗೇ ಸುರಿದುಬಿಟ್ಟಂತಿದೆ.

ಸೊಸೆ ಅಫ್ರೀನ್ ಮದುವೆಯಾಗಿ ಬಂದ ಹೊಸತರಲ್ಲಿ ತವರಿನಿಂದ ಒಂದು ನಾನ್‌ಸ್ಟಿಕ್ ತವಾ ತಂದಿದ್ದಳು. ಅದರ ಕರೀ ಮೈ ಸುಗ್ರಾಳಿಗೆ ಸರಿಬರಲಿಲ್ಲ. ಕೆಳಗೆ ಏನನ್ನೋ ಮುಚ್ಚಿಟ್ಟಿದ್ದಾರೆ ಎಂದುಕೊಂಡು ಸ್ಟೀಲ್ ನಾರು ಹಿಡಿದು ಕೂತವಳು ಅದನ್ನು ಬೆಳ್ಳಗೆ ಮಾಡಿಯೇ ಎದ್ದಳು. ಅಫ್ರೀನ್ ಅಳುವುದೊಂದು ಬಾಕಿ. ಆಗ ಅತ್ತೆ ಹೇಳಿದ ಮಾತು ಆ ಮನೆಯಲ್ಲಿ ಇವತ್ತಿಗೂ ಗಾದೆಯ ಹಾಗೆ ಓಡಾಡುತ್ತದೆ: “ಉಜ್ಜಿದ್ರೆ ಹೋಗೋದು ಇದ್ದೂ ಏನ್ ಪ್ರಯೋಜನ?”

ಈ ಉಜ್ಜುವ ಹುಚ್ಚು ಸುಮ್ಮನೆ ಬಂದದ್ದಲ್ಲ. ಸುಗ್ರಾ ಹುಡುಗಿಯಾಗಿದ್ದಾಗ ಅವಳ ಅಣ್ಣ ಒಂದು ಸೈಕಲ್ ಕೊಂಡಿದ್ದ. ಸೆಕೆಂಡ್ ಹ್ಯಾಂಡ್ ಆದರೂ ಮುಂದಿನ ಫೋರ್ಕಿಗೆ ಹೊಸ ಕ್ರೋಮು ಹಾಕಿಸಿ, ಮುಖ ಕಾಣುವಷ್ಟು ಹೊಳೆಯುವಂತೆ ಮಾಡಿ ಮಾರಿದ್ದರು. ಹೆಬ್ಬಾಳದ ಇಳಿಜಾರಿನಲ್ಲಿ ಆ ಫೋರ್ಕು ಪಟಕ್ಕೆಂದು ಮುರಿಯಿತು. ಆಸ್ಪತ್ರೆಯಿಂದ ಬಂದ ಮೇಲೆ ಅಬ್ಬಾ ಆ ತುಂಡನ್ನು ಕಲ್ಲಿಗೆ ಉಜ್ಜಿ ಮಕ್ಕಳಿಗೆ ತೋರಿಸಿದರು. ಹೊಳಪಿನ ಕೆಳಗೆ ಬರೀ ತುಕ್ಕು, ಗೆದ್ದಲು ತಿಂದ ಮರದ ಹಾಗೆ. ಅಣ್ಣ ಈಗಲೂ ಕುಂಟುತ್ತಾನೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವುದನ್ನು ಉಳಿದವರು ಗಾದೆಯಾಗಿ ಕಲಿತರೆ ಸುಗ್ರಾ ಅಣ್ಣನ ಕಾಲು ನೋಡಿ ಕಲಿತಳು.

ಅಂಥವಳಿಗೆ ತಕ್ಕ ಕೆಲಸವೇ ಸಿಕ್ಕಿತು. ನಾಗಸಂದ್ರದ ಮೆಟ್ರೋ ನಿಲ್ದಾಣದ ಹಿಂದಿನ ಬೀದಿಯಲ್ಲಿ ಜಯಸಿಂಹ ಎನ್ನುವವರದೊಂದು ಶೆಡ್ಡು ಇದೆ. ಹಲ್ಲುಚಕ್ರಗಳನ್ನು ಕುಲುಮೆಗೆ ಹಾಕಿ, ಇಂಗಾಲ ಕುಡಿಸಿ, ಮೈ ಗಟ್ಟಿ ಮಾಡಿ ಕಳಿಸುವುದು ಅವರ ಕಸುಬು. ಪ್ಯಾಕಿಂಗಿಗೆ ಸೇರಿದ ಸುಗ್ರಾ ವರ್ಷಗಳ ಮೇಲೆ ಅಲ್ಲಿಯ ತಪಾಸಣೆಯ ಮೇಜಿಗೆ ಬಂದು ಕೂತಳು. ಬಂದ ಮಾಲನ್ನು ಎಮರಿ ಪೇಪರ್ ಎನ್ನುವ ಒರಟು ಉಜ್ಜುಕಾಗದದಿಂದ ಉಜ್ಜುವುದು, ಭೂತಗನ್ನಡಿಯಲ್ಲಿ ನೋಡುವುದು, ವಜ್ರದ ಮೊನೆಯಿಂದ ಒತ್ತಿ ಗಟ್ಟಿತನ ಹೇಳುವ ಮೆಷಿನ್ನಿಗೆ ಇಡುವುದು, ಎಣ್ಣೆ ಸವರಿ ಸುತ್ತುವುದು. ಮೊಸರಿನಲ್ಲಿ ಕಲ್ಲು ಹುಡುಕುತ್ತಾಳೆ ಎಂದು ಬೈದವರೂ ಅವಳ ಮೇಜು ದಾಟಿದ ಮಾಲು ವಾಪಸ್ ಬಂದದ್ದಿಲ್ಲ ಎಂದು ಒಪ್ಪುತ್ತಾರೆ. ಶೆಡ್ಡಿನಲ್ಲಿ ಎಲ್ಲರಿಗೂ ಅವಳು ‘ಆಪಾ’, ಅಂದರೆ ಅಕ್ಕ.

ಅವಳು ಒಂದಿಷ್ಟಾದರೂ ನಂಬುತ್ತಿದ್ದ ಮನುಷ್ಯ ಅಲ್ಲಿ ಒಬ್ಬನೇ, ವಿರೂಪಾಕ್ಷ. ಮೆಷಿನ್ ನಡೆಸುವವನು, ಮತ್ತಿಕೆರೆಯ ಕಡೆಯವನು. ಸಂಜೆ ಇಬ್ಬರೂ ಒಂದೇ ಮೆಟ್ರೋದಲ್ಲಿ ಯಶವಂತಪುರದವರೆಗೆ ಹೋಗುತ್ತಿದ್ದರು. ಅವರೆಕಾಯಿಯ ಕಾಲಕ್ಕೆ ಅವನ ಮನೆಯಿಂದ ಹಿತಕಿದಬೇಳೆ ಸಾರು ಬರುತ್ತಿತ್ತು, ಈದ್ ಮರುದಿನ ಅವಳ ಮನೆಯಿಂದ ಶೀರ್‌ಖುರ್ಮಾ ಹೋಗುತ್ತಿತ್ತು. ಆ ಸಾರನ್ನು ಮಾತ್ರ ಅವಳು ಮೂಸಿ ನೋಡದೆ ಉಣ್ಣುತ್ತಿದ್ದಳು.

ಹೀಗಿರುವಾಗ ಶೆಡ್ಡಿಗೆ ವಂದನಾ ಬಂದಳು. ಲೋಹಗಳ ವಿಷಯ ಓದಿಕೊಂಡ ಹುಡುಗಿ. ಎಲೆಕ್ಟ್ರಿಕ್ ಆಟೊ ಮಾಡುವ ಒಂದು ಕಂಪನಿಗೆ ಹಗುರವಾದ, ಆದರೆ ಬೇಗ ಮುರಿಯದ ಆಕ್ಸಲ್ ಬೇಕಿತ್ತು. ಅದರ ಉಕ್ಕನ್ನು ಅವಳು ವಿನ್ಯಾಸ ಮಾಡಿದ್ದಳು. ಆ ಉಕ್ಕಿನ ಬೆರಳ ಗಾತ್ರದ ಕಡ್ಡಿಗಳನ್ನು ಮೊದಲು ಪರೀಕ್ಷೆಗೆ ಕಳಿಸಬೇಕಿತ್ತು. ಇದಕ್ಕೆ ಕುಲುಮೆ ಬೇಡ, ಇಂಗಾಲ ಬೇಡ. ಒಂದು ಪೆಟ್ಟಿಗೆಯೊಳಗೆ ಕಡ್ಡಿ ಇಟ್ಟು, ಉಕ್ಕಿನ ಗುಂಡುಗಳನ್ನು ತುಂಬಿ, ಪೆಟ್ಟಿಗೆಯನ್ನು ಭೂತ ಹಿಡಿದ ಹಾಗೆ ನಡುಗಿಸುವುದು. ಗುಂಡುಗಳು ಕಡ್ಡಿಯ ಮೈಯನ್ನು ಎಲ್ಲ ಕಡೆಯಿಂದ ಕುಟ್ಟುತ್ತವೆ. ಶೆಡ್ಡಿನವರು ಅದಕ್ಕೆ ಗುಂಡಿನ ಮೆಷಿನ್ ಎಂದು ಹೆಸರಿಟ್ಟರು. ಅದರ ಸದ್ದಿಗೆ ತಗಡಿನ ಮಾಡೇ ಅದುರುತ್ತಿತ್ತು. ಅದರ ಪಕ್ಕ ನಿಲ್ಲುವ ಪಾಳಿ ವಿರೂಪಾಕ್ಷನದಾಯಿತು.

“ಏನೂ ಹಚ್ಚಲ್ಲ, ಏನೂ ಕುಡ್ಸಲ್ಲ. ಬರೀ ಕುಟ್ಟಿದ್ರೆ ಗಟ್ಟಿ ಆಗ್ಬಿಡುತ್ತಾ ಮೇಡಂ?” ಎಂದು ಸುಗ್ರಾ ಮೊದಲ ದಿನವೇ ಕೇಳಿದಳು.

“ಆಪಾ, ಉಕ್ಕಿನ ಒಳಗೂ ರವೆ ಥರ ಕಾಳಿರುತ್ತೆ,” ಎಂದು ವಂದನಾ ವಿವರಿಸಿದಳು. “ಕುಟ್ಟಿದಾಗ ಹೊರಗಿನ ಕಾಳು ಚಿರೋಟಿ ರವೆಯಷ್ಟು ನುಣ್ಣಗಾಗುತ್ತೆ. ಸ್ವಲ್ಪ ಒಳಗೆ ಉಪ್ಪಿಟ್ಟಿನ ರವೆ, ಇನ್ನೂ ಒಳಗೆ ಅಕ್ಕಿ ನುಚ್ಚು. ಎಲ್ಲೂ ಗೋಡೆ ಇಲ್ಲ, ಹೊರಗಿಂದ ಒಳಕ್ಕೆ ನಿಧಾನವಾಗಿ ಬದಲಾಗ್ತಾ ಹೋಗುತ್ತೆ. ನುಣ್ಣಗಿರೋದು ಬಿರುಕು ಬಿಡೋಕೆ ಬಿಡಲ್ಲ, ಒಳಗಿನ ದಪ್ಪ ಕಾಳು ಬಗ್ಗಿ ತಡ್ಕೊಳ್ಳುತ್ತೆ. ಒಂದೇ ಉಕ್ಕು, ಎರಡು ಗುಣ.”

ಒಂದಕ್ಕೆ ಎರಡು ಗುಣವಿದ್ದರೆ ಅದಕ್ಕೆ ಮೋಸ ಎನ್ನುತ್ತಾರೆ ಎಂದು ಸುಗ್ರಾ ಮನಸ್ಸಿನಲ್ಲೇ ಅಂದುಕೊಂಡಳು. ಹೊರಬಂದ ಕಡ್ಡಿಯ ಮೈಯೂ ಅವಳಿಗೆ ಹಿಡಿಸಲಿಲ್ಲ. ಮಂಕಾಗಿ, ಸಿಡುಬಿನ ಕಲೆಯ ಹಾಗೆ ಸಣ್ಣ ಸಣ್ಣ ಗುಳಿ ಬಿದ್ದಿತ್ತು. ಇದರ ಕೆಳಗೆ ಏನಿದೆಯೋ ಯಾರಿಗೆ ಗೊತ್ತು?

ಮೊದಲ ಕಡ್ಡಿಗಳನ್ನು ವಂದನಾ ತಾನೇ ಕುಟ್ಟಿಸಿ, ತಾನೇ ಒಯ್ದಳು. ತಿರುಗಿಸಿ ತಿರುಗಿಸಿ ಬಗ್ಗಿಸುವ ಪರೀಕ್ಷೆಯಲ್ಲಿ ಅವು ಮುರಿಯಲೇ ಇಲ್ಲ. ಕಂಪನಿಯವರಿಗೆ ಖುಷಿಯಾಯಿತು. ಇನ್ನು ಮುಂದೆ ಮಾಮೂಲಿನಂತೆ ಶೆಡ್ಡಿನಿಂದಲೇ, ಆಪಾಳ ಮೇಜು ದಾಟಿ, ಹೊರಗಿನ ಲ್ಯಾಬಿಗೆ ನೇರ ಹೋಗಲಿ ಎಂದಾಯಿತು. ಹಾಗೆ ಹೋದ ಕಡ್ಡಿಗಳು ಬೇಗ ಮುರಿದವು. ಎರಡನೆಯ ಸಲದವೂ ಮುರಿದವು.

ಜಯಸಿಂಹ ಎಲ್ಲರನ್ನೂ ನಿಲ್ಲಿಸಿ ಹೇಳಿದರು: “ಮೂರನೇ ಸಲಾನೂ ಹಿಂಗೇ ಆದ್ರೆ ಕಂಪನಿಯವ್ರು ಕೆಲಸ ವಾಪಸ್ ತಗೋತಾರೆ. ಡಿಸೈನ್ ಸರಿ ಇದೆ, ಮೇಡಂ ತೋರ್ಸಿದಾರೆ. ತಪ್ಪಾಗ್ತಿರೋದು ಇಲ್ಲೇ. ಯಾರ ಕೈಯಲ್ಲಿ ಆಗ್ತಿದೆಯೋ ಅವ್ರಿಗೆ ಈ ಶೆಡ್ಡಲ್ಲಿ ಜಾಗ ಇಲ್ಲ.”

ವಿರೂಪಾಕ್ಷ ಹೆಗಲ ಮೇಲಿನ ಟವೆಲ್ಲಿನಿಂದ ಕತ್ತು ಒರೆಸಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎನ್ನುವ ಗಾದೆ ಸುಗ್ರಾಳ ತಲೆಯೊಳಗೆ ಮಿಂಚಿತು. ಆ ಕ್ಷಣದಿಂದ ಅವಳ ನೆಮ್ಮದಿ ಕೆಟ್ಟಿತು.

ವಂದನಾ ಇಬ್ಬರನ್ನೂ ಕೂರಿಸಿಕೊಂಡು ಏನೇನು ಮಾಡುತ್ತೀರಿ ಎಂದು ಕೇಳಿದ್ದಳು. ಚೆಕ್ ಮಾಡ್ತೀನಿ, ಎಣ್ಣೆ ಹಚ್ತೀನಿ, ಸುತ್ತುತೀನಿ ಎಂದು ಸುಗ್ರಾ ಹೇಳಿದಳು. ವಂದನಾ ತಲೆಯಾಡಿಸಿದಳು. ಅನ್ನ ಮಾಡುವುದು ಹೇಗೆಂದು ಕೇಳಿದರೆ ಅಕ್ಕಿ ತೊಳೆಯುವುದನ್ನು ಯಾರೂ ಹೇಳುವುದಿಲ್ಲ.

ಸುಗ್ರಾಳ ಬಳಿ ಇದ್ದ ಸಾಕ್ಷಿಯೂ ವಿರೂಪಾಕ್ಷನ ಕಡೆಗೇ ಬೆರಳು ತೋರುತ್ತಿತ್ತು. ಅವನ ಕಡ್ಡಿಗಳ ಗಟ್ಟಿತನ ಅವಳ ಮೆಷಿನ್ನಿನಲ್ಲಿ ವಂದನಾ ಹೇಳಿದ್ದಕ್ಕಿಂತ ಯಾವಾಗಲೂ ಕಡಿಮೆಯೇ ಬರುತ್ತಿತ್ತು. ಪರೀಕ್ಷೆಯ ಕಡ್ಡಿಗೆ ಪಾಸು ಫೇಲು ಹೇಳುವುದು ಲ್ಯಾಬಿನ ಕೆಲಸವೆಂದು ಅವಳು ಆಗ ಹಾಗೇ ಕಳಿಸಿದ್ದಳು. ಅಂದರೆ ಸರಿಯಾಗಿ ಕುಟ್ಟಿದ ಕಡ್ಡಿಗಳು ಬೇರೆಲ್ಲೋ ಹೋಗುತ್ತಿವೆ, ಅರ್ಧ ಕುಟ್ಟಿದವು ಅವಳ ಮೇಜಿಗೆ ಬರುತ್ತಿವೆ. ಎಲ್ಲಿಗೆ ಹೋಗುತ್ತಿವೆ? ಈ ಹೊಸ ಉಕ್ಕಿನ ಗುಟ್ಟಿಗೆ ಕೈಚಾಚುವ ಶೆಡ್ಡುಗಳು ತುಮಕೂರು ರಸ್ತೆಯಲ್ಲಿ ಬೇಕಾದಷ್ಟಿವೆ. ಒಂದು ಸಲ ಈ ದಾರಿ ಹಿಡಿದ ಮೇಲೆ ಅವಳ ಕಣ್ಣಿಗೆ ಬಿದ್ದದ್ದೆಲ್ಲ ಇದೇ ದಾರಿಯಲ್ಲಿ ನಡೆಯಿತು. ಫೋನ್ ಬಂದರೆ ವಿರೂಪಾಕ್ಷ ಬೀದಿಯ ಕೊನೆಯವರೆಗೆ ಹೋಗಿ ಮಾತಾಡುತ್ತಿದ್ದ. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಮೆಟ್ರೋದಲ್ಲಿ ಅವಳು ಏನು ಕೇಳಿದರೂ ‘ಹೂಂ, ಹೂಂ’ ಎಂದು ಕಿಟಕಿ ನೋಡುತ್ತಿದ್ದ. ಒಂದು ಮಧ್ಯಾಹ್ನ ಟೀ ಅಂಗಡಿಯ ಹತ್ತಿರ ಇಸ್ತ್ರಿ ಶರ್ಟಿನ ಒಬ್ಬ ಅಪರಿಚಿತ ಅವನ ಕೈಗೆ ಪುಟ್ಟ ಡಬ್ಬಿಯೊಂದನ್ನು ಕೊಟ್ಟ. ವಿರೂಪಾಕ್ಷ ಆಚೀಚೆ ನೋಡಿ ಅದನ್ನು ಜೇಬಿಗೆ ಹಾಕಿಕೊಂಡ.

ಅವತ್ತು ಮನೆಗೆ ಬಂದ ಸುಗ್ರಾ ಊಟ ಮಾಡಲಿಲ್ಲ. ಮುಜಫ್ಫರ್ ಸಾಹೇಬರು ಎಲ್ಲ ಕೇಳಿ, “ವಿರೂಪಾಕ್ಷ ಅಂಥವನಲ್ಲ,” ಎಂದರು. “ನಿಮಗೆ ಯಾರೂ ಅಂಥವರಲ್ಲ,” ಎಂದು ರೇಗಿದಳು. ರೇಗಿದರೂ ಅವಳಿಗೆ ಸಂಕಟವಾಗುತ್ತಿತ್ತು. ಅವಳು ನಂಬಿದ್ದ ಒಬ್ಬನೇ ಒಬ್ಬನೂ ಕ್ರೋಮು ಹಾಕಿದ ಫೋರ್ಕಾಗಿಬಿಟ್ಟನಲ್ಲ.

ಮೂರನೆಯ ಸಲದ ಕಡ್ಡಿಗಳು ಕುಟ್ಟಿಸಿಕೊಂಡು ಹೊರಬಂದ ದಿನ ಅವಳು ಬಲೆ ಹಾಕಿದಳು. ಟ್ರೇ ಇಳಿಯುವಾಗಲೇ ಹೋಗಿ ನಿಂತು, ವಿರೂಪಾಕ್ಷ ಅತ್ತ ತಿರುಗಿದ್ದಾಗ, ವಜ್ರದ ಮೊನೆಯ ಪೆನ್ನಿನಿಂದ ಒಂದೊಂದು ಕಡ್ಡಿಯ ಮೈಮೇಲೂ ಕಣ್ಣಿಗೆ ಬೀಳದಷ್ಟು ಸಣ್ಣ ಗೀರೊಂದನ್ನು ಎಳೆದಳು. ತನ್ನ ಬಲೆಯನ್ನೂ ನಂಬದ ಹೆಂಗಸು ಅವಳು. ಇರಲಿ ಎಂದು ಕಡ್ಡಿಯ ತುದಿಯ ಚಪ್ಪಟೆ ಮುಖದ ಮೇಲೂ ಒಂದು ಗೀರು ಹಾಕಿದಳು. ಟ್ರೇಯನ್ನು ಕಪಾಟಿನ ಮೇಲೆ ಬಿಟ್ಟು ನಮಾಜಿಗೆ ಹೋದಳು, ಊಟಕ್ಕೂ ಬೇಕೆಂದೇ ತಡಮಾಡಿದಳು. ಕದಿಯುವವನಿಗೆ ಸಮಯ ಬೇಕಲ್ಲ.

ಹಿಂತಿರುಗಿ ಮೇಜಿಗೆ ಕೂತಾಗ ಮನಸ್ಸೆಲ್ಲ ಕಳ್ಳನ ಮೇಲೇ ಇತ್ತು. ಕೈ ಮಾತ್ರ ತನ್ನ ಪಾಡಿಗೆ ತಾನು ಮಾಮೂಲಿ ಕೆಲಸ ಮಾಡಿತು. ಒಂದೊಂದೇ ಕಡ್ಡಿಯನ್ನು ಸಣ್ಣ ಮೋಟಾರಿಗೆ ಸಿಕ್ಕಿಸಿ, ಎಮರಿ ಹಿಡಿದು, ಒರೆಸಿ, ಸಾಲಾಗಿ ಜೋಡಿಸಿತು. ಆಮೇಲೆ ಭೂತಗನ್ನಡಿ ತೆಗೆದು ನೋಡಿದಳು. ಮೊದಲನೆಯದರ ಮೈಮೇಲೆ ಗೀರಿಲ್ಲ. ಎರಡನೆಯದರಲ್ಲೂ ಇಲ್ಲ. ಇಡೀ ಸಾಲಿನಲ್ಲಿ ಒಂದರ ಮೇಲೂ ಇಲ್ಲ.

“ಸರ್! ಇಲ್ಲಿ ಬನ್ನಿ ಸರ್! ಕಳ್ಳ ಸಿಕ್ಕಿದಾನೆ!”

ಜಯಸಿಂಹ ಓಡಿ ಬಂದರು, ಕೆಲಸದವರೆಲ್ಲ ಸುತ್ತ ನಿಂತರು. ಸುಗ್ರಾ ಬಲೆಯ ಕಥೆ ಹೇಳಿದಳು. ವಿರೂಪಾಕ್ಷನನ್ನು ಕರೆದರು. ಮೂರು ಸಲ ಕೂಗಿದರೂ ಅವನು ಬೆನ್ನು ತಿರುಗಿಸಿಯೇ ನಿಂತಿದ್ದ. ನೋಡಿ, ಮುಖ ತೋರಿಸೋಕೂ ಆಗ್ತಿಲ್ಲ ಎಂದಳು ಸುಗ್ರಾ. ಕೊನೆಗೆ ಯಾರೋ ಹೋಗಿ ಭುಜ ಹಿಡಿದು ಕರೆತಂದರು.

“ಗುರುತು ಹಾಕಿದ ಕಡ್ಡಿ ಎಲ್ಲಿ ವಿರೂಪಣ್ಣ? ಯಾರಿಗ್ ಕೊಟ್ರಿ?”

ಅವನು ಅವಳ ತುಟಿಯನ್ನೇ ನೋಡುತ್ತಿದ್ದ. ವಿಷಯ ತಿಳಿದಾಗ ಮುಖ ಕಪ್ಪಿಟ್ಟಿತು. “ಆಪಾ, ನೀವಾ? ನೀವಾ ಈ ಮಾತು ಹೇಳ್ತಿರೋದು?”

“ನಾನೇ. ಟೀ ಅಂಗಡಿ ಹತ್ರ ಆ ಮನುಷ್ಯ ಕೊಟ್ಟ ಡಬ್ಬಿ ಏನು? ಜೇಬಲ್ಲಿದೆ ಅಲ್ವಾ? ತೆಗೀರಿ ಎಲ್ಲರ ಮುಂದೆ.”

ವಿರೂಪಾಕ್ಷ ಜೇಬಿಗೆ ಕೈ ಹಾಕಿ ಡಬ್ಬಿ ತೆಗೆದು ತೆರೆದ. ಒಳಗೆ ಹುರುಳಿಕಾಳಿನ ಬಣ್ಣದ ಕಿವಿಯ ಮೆಷಿನ್ ಇತ್ತು.

“ಈ ಗುಂಡಿನ ಸದ್ದಿಗೆ ಕಿವಿ ಹೋಗ್ತಿದೆ,” ಎಂದ ಮೆಲ್ಲಗೆ. “ಇದನ್ನ ಅಂಗಡಿಯವ್ರು ತಂದ್ಕೊಟ್ರೂ, ಕೇಳ್ಸಲ್ಲ ಅಂತ ಗೊತ್ತಾದ್ರೆ ಕೆಲಸದಿಂದ ತೆಗೀತೀರ ಅಂತ ಹಾಕ್ಕೊಳ್ಳಲಿಲ್ಲ. ಕದ್ದಿಲ್ಲ ಸರ್ ನಾನು.” ಅವಳ ಕಡೆ ತಿರುಗಿ, “ತಾ ಕಳ್ಳ ಪರರ ನಂಬ ಅಂತಾರೆ ಆಪಾ. ನಿಮ್ಮನ್ನ ಹಂಗಂದ್ಕೊಂಡಿರ್ಲಿಲ್ಲ,” ಎಂದ.

ಜಯಸಿಂಹ ಮುಜುಗರದಿಂದ, “ಕಿವಿ ವಿಷ್ಯ ಬೇರೆ. ಕಡ್ಡಿ ಬದಲಾಗಿರೋದು ನಿಜ ಅಲ್ವಾ? ನೀನು ಈಗ ಮನೆಗ್ ಹೋಗಪ್ಪ. ಏನು ಅಂತ ನಾಳೆ ಹೇಳ್ತೀನಿ,” ಎಂದರು. ಆ ನಾಳೆಯಲ್ಲಿ ಏನಿದೆ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ವಿರೂಪಾಕ್ಷ ಟವೆಲ್ ಮಡಿಸಿ, ಊಟದ ಡಬ್ಬಿ ತೆಗೆದುಕೊಂಡು ಹೊರಟುಹೋದ.

ಎಲ್ಲರೂ ಚದುರಿದ ಮೇಲೆ ಸುಗ್ರಾ ಮೇಜಿನ ಮುಂದೆ ಒಬ್ಬಳೇ ಕೂತಳು. ಗೆದ್ದವಳಿಗೆ ಇರಬೇಕಾದ ಸಮಾಧಾನ ಇರಲಿಲ್ಲ. ಅವಳಿಗೆ ಆಗ ಎರಡನೆಯ ಗೀರು ನೆನಪಾಯಿತು. ಒಂದು ಕಡ್ಡಿ ಎತ್ತಿ ತುದಿಯನ್ನು ಭೂತಗನ್ನಡಿಯ ಕೆಳಗೆ ಹಿಡಿದಳು. ಗೀರು ಇತ್ತು. ಅವಳೇ ಎಳೆದ, ಸ್ವಲ್ಪ ಓರೆಯಾದ ಗೀರು. ಎಲ್ಲವನ್ನೂ ನೋಡಿದಳು. ಎಲ್ಲದರ ತುದಿಯಲ್ಲೂ ಇತ್ತು.

ಹಾಗಾದರೆ ಕಡ್ಡಿ ಬದಲಾಗಿಲ್ಲ. ಯಾರೂ ಮುಟ್ಟಿಲ್ಲ. ಮೈಮೇಲಿನ ಗೀರು ಮಾತ್ರ ಹೋಗಿದೆ. ಮೈ ಮುಟ್ಟಿದವರು ಯಾರು?

ಎಡಗೈಯಲ್ಲಿ ಎಮರಿ ಪೇಪರ್ ಇನ್ನೂ ಇತ್ತು. ಅದರ ಮೇಲೆ ಬೂದಿಯಂಥ ನುಣ್ಣನೆಯ ಪುಡಿ. ಸುಗ್ರಾ ಅದನ್ನು ಬೆರಳಿನಿಂದ ಸವರಿ ನೋಡಿದಳು, ಚಿರೋಟಿ ರವೆಗಿಂತಲೂ ನುಣ್ಣಗಿತ್ತು.

ಹಳೆಯ ಹಲ್ಲುಚಕ್ರಗಳ ಗಟ್ಟಿಪದರ ಉಗುರಿನಷ್ಟು ದಪ್ಪ; ಎಷ್ಟು ಉಜ್ಜಿದರೂ ಅದಕ್ಕೆ ಲೆಕ್ಕವಿಲ್ಲ. ಈ ಕಡ್ಡಿಯ ಪ್ರಾಣ ಕೂದಲೆಳೆ ದಪ್ಪದ ಹೊರಮೈಯಲ್ಲಿತ್ತು. ಅವಳು ಎದ್ದು ಗುಂಡಿನ ಮೆಷಿನ್ನಿನ ಹತ್ತಿರ ಹೋದಳು. ವಿರೂಪಾಕ್ಷ ಆಮೇಲೆ ಕುಟ್ಟಿಸಿದ್ದ ಒಂದು ಕಡ್ಡಿ ಅಲ್ಲೇ ಬಿದ್ದಿತ್ತು, ಯಾರೂ ಉಜ್ಜದ್ದು. ತಂದು ಗಟ್ಟಿತನ ನೋಡಿದರೆ ವಂದನಾ ಹೇಳಿದಷ್ಟೇ ಬಂತು. ಎಮರಿಯಿಂದ ಉಜ್ಜಿ ಮತ್ತೆ ನೋಡಿದಳು, ಇಳಿದಿತ್ತು. ನಂಬಲಾರದೆ ಮತ್ತೊಮ್ಮೆ ಉಜ್ಜಿ ನೋಡಿದಳು, ಇನ್ನೂ ಇಳಿದಿತ್ತು. ತಲೆಯೊಳಗೆ ಅಫ್ರೀನಳ ತವಾ ಬೆಳ್ಳಗೆ ಹೊಳೆಯಿತು.

ಒಂದು ಗಳಿಗೆ ಅವಳಿಗೆ ಕೆಟ್ಟ ಯೋಚನೆಯೂ ಬಂತು ಎನ್ನುವುದನ್ನು ಮುಚ್ಚಿಡಬಾರದು. ಇದನ್ನು ಕಂಡವರು ಯಾರೂ ಇಲ್ಲ. ನಾಳೆಯಿಂದ ಉಜ್ಜುವುದನ್ನು ಬಿಟ್ಟರೆ ಸಾಕು, ಕಡ್ಡಿ ಪಾಸಾಗುತ್ತದೆ, ಅವಳ ಜಾಗ ಉಳಿಯುತ್ತದೆ. ವಿರೂಪಾಕ್ಷ ಹೋದದ್ದಕ್ಕೇ ಸರಿಹೋಯಿತು ಎಂದು ಎಲ್ಲರೂ ನಂಬುತ್ತಾರೆ. ಹೊಳೆಯುವ ಮೇಲ್ಮೈ, ಕೆಳಗೆ ತುಕ್ಕು. ಅಣ್ಣನ ಕುಂಟುಗಾಲು ಕಣ್ಣ ಮುಂದೆ ಬಂದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಎಮರಿಯನ್ನು ಹಿಡಿದೇ ಜಯಸಿಂಹರ ಕೋಣೆಗೆ ಹೋದಳು.

“ಸರ್, ಯಾರ ಕೈಯಲ್ಲಿ ತಪ್ಪಾಗಿದೆ ಅಂತ ಕೇಳಿದ್ರಲ್ಲ. ಈ ಕೈಯಲ್ಲಿ.”

ಎಲ್ಲ ಕೇಳಿದ ಜಯಸಿಂಹ ತಲೆಯ ಮೇಲೆ ಕೈ ಹೊತ್ತು ಕೂತರು. ಆಮೇಲೆ, “ನೀವು ಉಜ್ಜೋದು ನಂಗೂ ಗೊತ್ತಿತ್ತಲ್ಲಮ್ಮ. ಮೇಡಂಗೆ ಹೇಳ್ಬೇಕು ಅಂತ ನಂಗೂ ಹೊಳೀಲಿಲ್ಲ. ಇರಿ, ವಿರೂಪಾಕ್ಷಂಗೆ ಫೋನ್ ಮಾಡ್ತೀನಿ,” ಎಂದರು.

“ಫೋನಲ್ಲಿ ಅವ್ರಿಗೆ ಕೇಳ್ಸಲ್ಲ ಸರ್,” ಎಂದು ಸುಗ್ರಾ ಚಪ್ಪಲಿ ಮೆಟ್ಟಿಕೊಂಡಳು.

ನಿಲ್ದಾಣದ ಮೆಟ್ಟಿಲುಗಳನ್ನು ಅವಳು ಮಂಡಿನೋವು ಮರೆತು ಹತ್ತಿದಳು. ಪ್ಲಾಟ್‌ಫಾರ್ಮಿನ ಕೊನೆಯಲ್ಲಿ, ದಿನವೂ ಇಬ್ಬರೂ ನಿಲ್ಲುವ ಜಾಗದಲ್ಲೇ ವಿರೂಪಾಕ್ಷ ಬೆನ್ನು ಹಾಕಿ ನಿಂತಿದ್ದ. ಬಂದ ರೈಲನ್ನು ಬಿಟ್ಟಿದ್ದನೋ ಏನೋ. “ವಿರೂಪಣ್ಣಾ!” ಎಂದು ಕೂಗಿದಳು. ಅವನು ತಿರುಗಲಿಲ್ಲ. ಅವನನ್ನು ಬಳಸಿ ಹೋಗಿ ಎದುರಿಗೆ ನಿಂತಳು. ಏದುಸಿರಿನಲ್ಲೇ ಹೇಳಿದಳು: ಕಡ್ಡಿ ಬದಲಾಗಿಲ್ಲ, ಉಜ್ಜಿ ಉಜ್ಜಿ ಹಾಳು ಮಾಡಿದ್ದು ನಾನೇ, ಕಳ್ಳ ಅಂದದ್ದು ತಪ್ಪಾಯಿತು, ಸರ್‌ಗೂ ಹೇಳಿಯೇ ಬಂದಿದ್ದೇನೆ.

ವಿರೂಪಾಕ್ಷ ಅವಳ ಮುಖವನ್ನೇ ನೋಡುತ್ತಿದ್ದ. ನಿಧಾನವಾಗಿ ಜೇಬಿಗೆ ಕೈ ಹಾಕಿ ಡಬ್ಬಿ ತೆಗೆದ. ಕಿವಿಯ ಮೆಷಿನ್ನನ್ನು ಎಲ್ಲರೂ ಕಾಣುವ ಹಾಗೆ ಎತ್ತಿ ಹಿಡಿದು, ಕಿವಿಗೆ ಸಿಕ್ಕಿಸಿಕೊಂಡು, ಬೆರಳಿನಿಂದ ಒತ್ತಿ ಸರಿಮಾಡಿಕೊಂಡ.

“ಈಗ ಹೇಳಿ ಆಪಾ. ಸ್ವಲ್ಪ ಜೋರಾಗಿ.”

ಅಷ್ಟು ಹೊತ್ತಿಗೆ ಪ್ಲಾಟ್‌ಫಾರ್ಮ್ ತುಂಬಿತ್ತು. ಪಾಳಿ ಮುಗಿಸಿದ ಹುಡುಗಿಯರು, ಬ್ಯಾಗು ಹೊತ್ತ ಆಫೀಸಿನವರು, ಅವರ ಶೆಡ್ಡಿನವರೇ ಇಬ್ಬರು. ಸುಗ್ರಾ ದುಪಟ್ಟಾ ಸರಿಮಾಡಿಕೊಂಡು ಒಂದೂ ಮಾತು ಬಿಡದೆ ಮೊದಲಿನಿಂದ ಹೇಳಿದಳು, ಮಧ್ಯಾಹ್ನ ಕಳ್ಳ ಎಂದು ಕೂಗಿದಷ್ಟೇ ಜೋರಾಗಿ. ಎಲ್ಲರೂ ತಿರುಗಿ ನೋಡಿದರು. ವಿರೂಪಾಕ್ಷ ಕೊನೆಯ ಮಾತಿನವರೆಗೂ ಕೇಳಿ, “ಹೂಂ,” ಎಂದ. ರೈಲು ಬಂತು. ಇಬ್ಬರೂ ಹತ್ತಿದರು. ಯಶವಂತಪುರದ ಹತ್ತಿರ ಬರುವಾಗ ಅವನು, “ಅವರೆಕಾಯಿ ಬಂದಿದೆ. ನಾಳೆ ಸಾರು ತರ್ತೀನಿ,” ಎಂದ. ಸುಗ್ರಾ ಕಿಟಕಿಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡಳು.

ಆಮೇಲೆ ಉಜ್ಜದೆ ಕಳಿಸಿದ ಕಡ್ಡಿಗಳು ಮುರಿಯಲಿಲ್ಲ, ಆಕ್ಸಲ್ ಕೆಲಸ ಶೆಡ್ಡಿನಲ್ಲೇ ಉಳಿಯಿತು, ಇಬ್ಬರೂ ಇವತ್ತಿಗೂ ಅಲ್ಲೇ ಇದ್ದಾರೆ. ವಿರೂಪಾಕ್ಷ ಕಿವಿಯ ಮೆಷಿನ್ನನ್ನು ಈಗ ಧೈರ್ಯವಾಗಿ ಹಾಕಿಕೊಳ್ಳುತ್ತಾನೆ. ಸುಗ್ರಾ ಹಾಲನ್ನು ನಂಬುವುದಿಲ್ಲ, ಬೀಗವನ್ನು ನಂಬುವುದಿಲ್ಲ, ಎಲ್ಲಕ್ಕಿಂತ ಮೊದಲು ತನ್ನ ಕೈಯನ್ನು ನಂಬುವುದಿಲ್ಲ. ಒಂದು ಅನುಮಾನ ಮಾತ್ರ ಅವಳ ಮನಸ್ಸಿನಲ್ಲಿ ಹಾಗೇ ಉಳಿದಿದೆ, ಕೇಳುವ ಧೈರ್ಯ ಅವಳಿಗೆ ಇನ್ನೂ ಬಂದಿಲ್ಲ: ಅವತ್ತು ಪ್ಲಾಟ್‌ಫಾರ್ಮಿನ ಮೇಲೆ ಅವಳು ಮೊದಲನೆಯ ಸಲ ಹೇಳಿದ್ದೇ ಅವನಿಗೆ ಪೂರ್ತಿ ಕೇಳಿಸಿತ್ತೇನೋ.